ಗಂಧದ ಸೋಪಿನ ಕಳ್ಳ

ನಮ್ಮ ಮನೆಯ ಎರಡು ನಾಯಿಮರಿಗಳಿಗೆ ಬೊಗಳುವುದನ್ನು ಕಲಿಸಿದ್ದು ನಾನು. ಹೀಗೆಂದರೆ ಈಗಲೂ ಜನ ನಗುತ್ತಾರೆ. ನಾಯಿಗೆ ಅದನ್ನೂ ಕಲಿಸಬೇಕೇ ಎನ್ನುತ್ತಾರೆ. ಅವರು ಆ ಮರಿಗಳನ್ನು ನೋಡಿದವರಲ್ಲ.

ಆಗ ನನಗೆ ಮದುವೆಯಾಗಿ ಮೂರು ವರ್ಷ. ಗಂಡನ ಮನೆ ಚಿತ್ತಾಕುಲದಲ್ಲಿ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಹತ್ತಿರ. ನಮ್ಮವರು ದೋಣಿಗೆ ಹೋಗುತ್ತಿದ್ದರು. ನಾನು ಮತ್ತು ಅತ್ತೆ ಕಾರವಾರ ಪೇಟೆಯಲ್ಲಿ ಮೀನು ಮಾರಿ, ಉಳಿದದ್ದಕ್ಕೆ ಉಪ್ಪು ಹಾಕಿ ಅಂಗಳದಲ್ಲಿ ಒಣಗಿಸುತ್ತಿದ್ದೆವು. ದೀಪಾವಳಿಗೆ ಅಂಕೋಲೆಯ ತವರಿಗೆ ಹೋದವಳು ವಾಪಸು ಬರುವಾಗ ಅಮ್ಮನ ನಾಯಿಯ ಮರಿಗಳಲ್ಲಿ ಎರಡನ್ನು ಮೀನಿನ ಬುಟ್ಟಿಗೆ ಹಾಕಿ, ಮೇಲೊಂದು ಬಟ್ಟೆ ಕಟ್ಟಿ ಬಸ್ಸು ಹತ್ತಿದೆ. ಮೀನಿನ ಬುಟ್ಟಿ ಕಂಡರೆ ಕಂಡಕ್ಟರು ಹತ್ತಿರ ಸುಳಿಯುವುದಿಲ್ಲ, ಒಳಗೇನಿದೆ ಎಂದು ಕೇಳುವುದಂತೂ ದೂರದ ಮಾತು. ಒಂದು ಕೆಂಚು, ಒಂದು ಕಪ್ಪು. ಕಾರವಾರದವರೆಗೆ ಎರಡೂ ಒಂದು ಸಲವೂ ಕುಂಯ್ ಎನ್ನಲಿಲ್ಲ. ಎಂಥ ಒಳ್ಳೆಯ ಮರಿಗಳು ಎಂದು ನಾನು ಹೆಮ್ಮೆಪಟ್ಟುಕೊಂಡೆ. ಮುಂದೆ ತಲೆನೋವಾಗಿದ್ದೂ ಅದೇ.

ನಮ್ಮ ಕೇರಿಯಲ್ಲಿ ದಡದಿಂದ ದೊಡ್ಡ ಬಲೆ ಎಳೆಯುವ ದಿನ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಸಿಗುತ್ತದೆ. ಪಾಲು ತೆಗೆದುಕೊಂಡು ಮನೆಗೆ ಹೋಗುವವರಿಗೆ ನಮ್ಮ ಅಂಗಳವೇ ದಾರಿ. ಹೋಗುತ್ತಾ ಮರಿಗಳ ಮುಂದೆ ಒಂದು ತಾರ್ಲೆ ಮೀನನ್ನೋ ಬಂಗಡೆಯ ತಲೆಯನ್ನೋ ಹಾಕದೆ ಯಾರೂ ದಾಟುತ್ತಿರಲಿಲ್ಲ. ಹೀಗಾಗಿ ಬೇಲಿ ದಾಟಿ ಬಂದವರೆಲ್ಲ ಊಟ ತಂದವರು ಎಂದು ನಮ್ಮ ಮರಿಗಳು ತಿಳಿದುಕೊಂಡವು. ಅವು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಾವಿಬ್ಬರೂ ಪೇಟೆಯಲ್ಲಿದ್ದಾಗ, ಮಳೆಗಾಲಕ್ಕೆಂದು ಒಣಗಿಸಿಟ್ಟ ಒಂದು ಬುಟ್ಟಿ ಸಿಗಡಿ ಹಾಡಹಗಲೇ ಕಳುವಾಯಿತು. ಪಕ್ಕದ ಮನೆಯ ಅಕ್ಕ ಕಳ್ಳನನ್ನು ಕಣ್ಣಾರೆ ನೋಡಿದ್ದಳು. ನಾಯಿಗಳು ಬಾಲ ಅಲ್ಲಾಡಿಸುತ್ತ ಅವನ ಜೊತೆ ಡಾಂಬರು ರಸ್ತೆಯವರೆಗೂ ಹೋಗಿ ಬೀಳ್ಕೊಟ್ಟು ಬಂದವಂತೆ. ಅದಕ್ಕೇ ಅವನು ನಮ್ಮ ಕಡೆಯ ನೆಂಟನೇ ಇರಬೇಕು ಎಂದುಕೊಂಡಳಂತೆ. ಅತ್ತೆ ಖಾಲಿ ಜಾಗವನ್ನು ಒಂದು ಸಲ, ಮರಿಗಳನ್ನು ಒಂದು ಸಲ, ಆಮೇಲೆ ನನ್ನನ್ನು ಒಂದು ಸಲ ನೋಡಿದರು.

"ನಿಮ್ಮ ಅಂಕೋಲೆ ನಾಯಿಗೆ ಬಾಯೇ ಇಲ್ಲ ಕಾಣ್ತದೆ," ಎಂದರು. "ಮಿರ್ಗದ ಮಳೆ ಬೀಳೂದ್ರೊಳಗೆ ಬೊಗಳೂಕೆ ಕಲೀಲಿಲ್ಲ ಅಂದ್ರೆ ಗೇರು ಹಿತ್ಲಿಗೆ ಕೊಟ್ಬಿಡೂದೇ."

ಮಿರ್ಗವೆಂದರೆ ಜೂನ್ ಮೊದಲ ವಾರ ಕಳೆಯುವಾಗ ಶುರುವಾಗುವ ಮೃಗಶಿರಾ ಮಳೆ. ತೋಡೂರಿನ ಕಡೆ ಅತ್ತೆಯ ಗುರುತಿನವರದೊಂದು ಗೇರು ಹಿತ್ತಲಿತ್ತು. ಅಲ್ಲಿ ನಾಯಿಗಳನ್ನು ಹಗಲಿಡೀ ಸರಪಳಿಯಲ್ಲಿ ಕಟ್ಟಿಡುತ್ತಿದ್ದರು. ಆ 'ನಿಮ್ಮ ಅಂಕೋಲೆ' ಎನ್ನುವ ಮಾತಂತೂ ನನಗೆ ಹೊಸದಲ್ಲ. ಮೀನಿನ ಸಾರಿಗೆ ಹುಳಿ ಹೆಚ್ಚಾದರೂ, ನಾನು ನಾಲ್ಕು ನಿಮಿಷ ಹೆಚ್ಚು ಮಲಗಿದರೂ ಅತ್ತೆಯ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಅವರು ಕೆಟ್ಟವರಲ್ಲ, ನಾನು ಹಸಿದು ಬಂದರೆ ತಮ್ಮ ತಟ್ಟೆಯ ಮೀನನ್ನು ನನಗೆ ಹಾಕುತ್ತಿದ್ದರು. ಆದರೆ ಮೂರು ವರ್ಷವಾದರೂ ನಾನು ಅಂಕೋಲೆಯವಳೇ ಆಗಿದ್ದೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕಲಿಸಿಯೇ ತೋರಿಸುತ್ತೇನೆ ಎಂದು ಅಂದೇ ಪಣ ತೊಟ್ಟೆ.

ಮೊದಲು ನಾನೇ ಅಂಗಳದಲ್ಲಿ ಮಂಡಿಯೂರಿ ಬೊಗಳಿ ತೋರಿಸಿದೆ. ಮರಿಗಳು ತಲೆ ಓರೆ ಮಾಡಿ ನೋಡಿ, ಪಾಪ ಇವಳಿಗೇನೋ ಆಗಿದೆ ಎಂಬಂತೆ ಬಂದು ನನ್ನ ಮುಖ ನೆಕ್ಕಿದವು. ಆಮೇಲೆ ಪಕ್ಕದ ಮನೆಯ ಅಕ್ಕನನ್ನೇ ಕಳ್ಳಿಯಾಗಲು ಒಪ್ಪಿಸಿದೆ. ಅವಳು ತಲೆಗೆ ಗೋಣಿಚೀಲ ಹೊದ್ದು ಬೇಲಿ ಹಾರಿ ಬಂದರೆ ಇವು ಓಡಿಹೋಗಿ ಅವಳ ಕಾಲಬೆರಳುಗಳನ್ನೇ ನೆಕ್ಕಿದವು. ಕಚಗುಳಿಯಾಗಿ ಕಳ್ಳಿ ನಗುತ್ತಾ ಅಲ್ಲೇ ಕುಳಿತುಬಿಟ್ಟಳು.

ಅವಳ ಕಾಲು ನೋಡುವಾಗಲೇ ನನಗೆ ಹೊಳೆಯಿತು. ಅವಳೂ ಆಗಷ್ಟೇ ಮೀನು ಹೆಚ್ಚಿ ಬಂದಿದ್ದಳು. ನಮ್ಮ ಕೇರಿಯಲ್ಲಿ ಮೀನಿನ ವಾಸನೆಯಿಲ್ಲದ ಮನುಷ್ಯರೇ ಇಲ್ಲ. ಕಳ್ಳನಾಗುವವನಿಗೆ ಮೊದಲು ಆ ವಾಸನೆ ಹೋಗಬೇಕು.

ನಮ್ಮವರನ್ನು ಹಿಡಿದುಕೊಂಡೆ. ಬೇಡ ಮಾರಾಯ್ತಿ ಎಂದು ಎಷ್ಟು ಗೋಗರೆದರೂ ಬಿಡಲಿಲ್ಲ. ಗಂಧದ ಸೋಪಿನಿಂದ ಎರಡೆರಡು ಸಲ ಸ್ನಾನ ಮಾಡಿಸಿ, ಕುತ್ತಿಗೆಗೆ ಅರ್ಧ ಡಬ್ಬಿ ಪೌಡರು ಸುರಿದು, ಪೆಟ್ಟಿಗೆಯಲ್ಲಿದ್ದ ಮದುವೆಯ ಪ್ಯಾಂಟು ತೊಡಿಸಿ, ಮುಖಕ್ಕೆ ಟವೆಲು ಸುತ್ತಿ ಬೇಲಿಯ ಆಚೆಯಿಂದ ಬರಹೇಳಿದೆ. ಮಾತಾಡಕೂಡದು, ನೇರ ಬಂದು ಒಣಮೀನಿಗೆ ಕೈ ಹಾಕಬೇಕು ಎಂಬುದು ಕರಾರು. ಮರಿಗಳು ಹತ್ತಿರ ಹೋಗಿ ಮೂಸಿ ಸೀನಿದವು. ಎರಡು ಹೆಜ್ಜೆ ಹಿಂದೆ ಸರಿದವು. ನಮ್ಮವರು ಮೀನಿಗೆ ಕೈ ಹಾಕಿದ್ದೇ ತಡ, ಕೆಂಚು ಮರಿ ಗುರ್ ಎಂದಿತು, ಕಪ್ಪು ಮರಿಯ ಗಂಟಲಿನಿಂದ ಒಡಕು ದನಿಯೊಂದು ಹೊರಬಿತ್ತು. ನಾನು ಚಪ್ಪಾಳೆ ತಟ್ಟಿ ಎರಡಕ್ಕೂ ಬಂಗಡೆಯ ತಲೆ ಕೊಟ್ಟೆ. ಆ ಸಂಜೆಯಿಂದ ಹದಿನೈದು ದಿನ ನಮ್ಮವರು ಗಮಗಮಿಸುವ ಕಳ್ಳನಾದರು. ದೋಣಿಯವರು ಅವರಿಗೆ ಮದುಮಗ ಎಂದು ಹೆಸರಿಟ್ಟು ಕಾಡಿದರು.

ಅತ್ತೆ ಒಪ್ಪಲಿಲ್ಲ. ನೀನು ಹಿಂದೆ ನಿಂತು ಚಪ್ಪಾಳೆ ತಟ್ಟಿದರೆ ಯಾವ ನಾಯಿಯೂ ಬೊಗಳುತ್ತದೆ, ಯಾರೂ ಹೇಳದೆ ತಾವಾಗಿಯೇ ಬೊಗಳುವುದನ್ನು ನಾನು ನೋಡಬೇಕು ಎಂದರು. ಅವರು ನೋಡುವಾಗಲೆಲ್ಲ ಅಂಗಳಕ್ಕೆ ಬರುವವರು ಮೀನಿನವರೇ. ಮರಿಗಳು ಬಾಲ ಅಲ್ಲಾಡಿಸುತ್ತಿದ್ದವು. ನಾನು ಹಲ್ಲು ಕಚ್ಚುತ್ತಿದ್ದೆ.

ಮೇ ತಿಂಗಳ ಕೊನೆಗೆ ತಂಗಿಯ ಮದುವೆ ಬಂತು. ಎಂಟು ದಿನ ಅಂಕೋಲೆಯಲ್ಲಿದ್ದೆ. ಮದುವೆಯ ಊಟಕ್ಕೆ ಕುಳಿತರೂ ಕಿವಿಯಲ್ಲಿ ಸರಪಳಿಯ ಸದ್ದು. ಮಳೆಗೆ ಮುಂಚಿನ ಮೀನು ಬಿಡಲಾಗದೆ ನಮ್ಮವರು ಮದುವೆಗೆ ಬಂದಿರಲಿಲ್ಲ. ಅವರ ಹತ್ತಿರ ಆಗಷ್ಟೇ ಮೊಬೈಲು ಬಂದಿತ್ತು, ಆದರೆ ದೋಣಿಯಲ್ಲಿದ್ದಾಗ ಸಿಗ್ನಲ್ಲು ಸಿಗದೆ ಅದು ಇದ್ದೂ ಇಲ್ಲದ ಹಾಗೆ. ಮರಿಗಳನ್ನು ಕೊಟ್ಟರೋ ಇಟ್ಟುಕೊಂಡಿದ್ದಾರೋ ಎಂದು ಕೊನೆಗೂ ತಿಳಿಯಲಿಲ್ಲ.

ಮಿರ್ಗಕ್ಕೆ ನಾಲ್ಕು ದಿನ ಇರುವಾಗ ವಾಪಸಾದೆ. ಮೈಮೇಲೆ ರೇಷ್ಮೆ ಸೀರೆ, ತಲೆಯಲ್ಲಿ ಅಬ್ಬಲಿಗೆ ಹೂವಿನ ದಂಡೆ. ಹೊರಡುವಾಗ ತಂಗಿ ಬೇಡವೆಂದರೂ ಕೇಳದೆ ತನ್ನ ಹೊಸ ಸೆಂಟನ್ನು ನನಗೆ ಸುರಿದಿದ್ದಳು. ಬೇಲಿಯ ದಣಪೆ ಸರಿಸಿ ಅಂಗಳಕ್ಕೆ ಕಾಲಿಟ್ಟೆ. ಒಣಮೀನಿನ ಪಕ್ಕದಲ್ಲಿ ಎರಡೂ ಮಲಗಿದ್ದವು. ದೇವರೇ, ಕೊಟ್ಟಿಲ್ಲ ಎಂದು ಜೀವ ತಣ್ಣಗಾಯಿತು. ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕೆಂಚು ಮರಿ ಎದ್ದು ಮೂಗು ಮೇಲೆ ಮಾಡಿತು. ಬೊಗಳಿತು. ಕಪ್ಪೂ ಎದ್ದಿತು. ಈಗ ಒಡಕು ದನಿಯಲ್ಲ, ಕೇರಿಗೆಲ್ಲ ಕೇಳುವಂಥ ಬೊಗಳು.

ಆ ಸದ್ದಿಗೆ ಅತ್ತೆ ಬಾಗಿಲಿಗೆ ಬಂದರು. ಹೊಸ್ತಿಲಲ್ಲೇ ನಿಂತು ಮರಿಗಳನ್ನೂ ನನ್ನನ್ನೂ ನೋಡಿದರು.

ಒಂದು ಸಲ ಕರೆದರೆ ಸಾಕಿತ್ತು. ನನ್ನ ದನಿ ಅವಕ್ಕೆ ಗೊತ್ತು, ಓಡಿಬಂದು ಕಾಲು ಸುತ್ತುತ್ತಿದ್ದವು. ಅತ್ತೆ ಮತ್ತೆ ಗೇರು ಹಿತ್ತಲಿನ ಮಾತು ತೆಗೆಯುತ್ತಿದ್ದರು. ನಾನು ತುಟಿ ಕಚ್ಚಿ ನಿಂತೆ. ಅಷ್ಟೇ ಸಾಲದೆಂದು ಒಣಮೀನಿನ ಕಡೆಗೆ ಒಂದು ಹೆಜ್ಜೆ ಇಟ್ಟೆ. ಎರಡೂ ಬೆನ್ನ ಕೂದಲು ನಿಮಿರಿಸಿ ನನ್ನ ದಾರಿಗೆ ಅಡ್ಡ ನಿಂತವು. ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ನಾನೇ ಎತ್ತಿ ಸಾಕಿದ ಮರಿಗಳು, ನನ್ನದೇ ಮನೆಯ ಅಂಗಳ, ರೇಷ್ಮೆ ಸೀರೆಯುಟ್ಟು ಕಳ್ಳಿಯ ಹಾಗೆ ನಿಂತಿದ್ದೇನೆ. ಹೆಮ್ಮೆಯೂ ಆಯಿತು, ಅಳುವೂ ಬಂತು, ಎರಡನ್ನೂ ನುಂಗಿಕೊಂಡೆ.

ಅತ್ತೆ ನಿಧಾನ ಅಂಗಳಕ್ಕಿಳಿದು ಬಂದು ಎರಡರ ತಲೆಯ ಮೇಲೂ ಕೈಯಿಟ್ಟರು. "ಸಾಕು, ಸುಮ್ನಿರಿ," ಎಂದು ನನ್ನ ಕಡೆ ನೋಡಿದರು. "ಅದು ನಮ್ಮನೇದು."

ಆಮೇಲೆ ನನ್ನ ಕೈಯ ಚೀಲ ತೆಗೆದುಕೊಳ್ಳುತ್ತಾ, "ನೀ ಬಾಯಿ ಮುಚ್ಕಂಡು ನಿಂತದ್ದು ನಂಗೆ ಕಾಣ್ಲಿಲ್ಲ ಅಂತ ಮಾಡ್ಕಬೇಡ," ಎಂದರು. "ಹೋಗು, ಸೀರೆ ಬದ್ಲು ಮಾಡ್ಕಂಡು ಬಾ. ಮೀನು ಹೆಚ್ಚೂದು ಉಳದದೆ."

ಒಳಗೆ ಹೋಗಿ, ರೇಷ್ಮೆ ಸೀರೆ ಬಿಚ್ಚಿಟ್ಟು, ಕೆಲಸದ ಸೀರೆಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಹೊರಗೆ ಬಂದು ಮೆಟ್ಟುಗತ್ತಿಯ ಮುಂದೆ ಕುಳಿತೆ. ಮೊದಲನೆಯ ಬಂಗಡೆ ಹೆಚ್ಚುವಷ್ಟರಲ್ಲಿ ಮರಿಗಳು ಬಂದು ನನ್ನ ಕೈ ಮೂಸಿ, ಇಷ್ಟು ದಿನ ಎಲ್ಲಿದ್ದೆ ಎಂಬಂತೆ ಮೈಮೇಲೆ ಬಿದ್ದವು. ಅತ್ತೆ ಗದರಲಿಲ್ಲ. ನನ್ನ ಕೈಯಿಂದ ಬಂಗಡೆಯ ತಲೆ ತೆಗೆದುಕೊಂಡು ತಾವೇ ಅವುಗಳ ಮುಂದೆ ಹಾಕಿದರು.