ಬಿಳುಪನ್ನು ನಂಬದ ತಾತ

ಅವರ ಬಲಗೈ ಹೆಬ್ಬೆರಳು ಯಾವಾಗಲೂ ಒದ್ದೆ. ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆಗಳಲ್ಲಿ ನಮ್ಮ ಪಕ್ಕದವರಾಗಿದ್ದ ಆ ತಾತ, ಗಣಿಯೊಳಗೆ ಬಂಡೆಯಿಂದ ಚೂರು ಕಿತ್ತು ಪರೀಕ್ಷೆಗೆ ಕಳಿಸುವ ಕೆಲಸದಲ್ಲಿ ಮುದುಕರಾದವರು. ಕಲ್ಲಿಗೆ ಎಂಜಲು ಸವರಿದರೆ ಚಿನ್ನದ ಎಳೆ ಎದ್ದು ಕಾಣುತ್ತದಂತೆ. ಆ ಚಾಳಿ ಹುಣಿಸೆಹಣ್ಣು, ರೇಷನ್ ಅಕ್ಕಿ ಯಾವುದನ್ನೂ ಬಿಟ್ಟಿರಲಿಲ್ಲ. ಹಾಲಿನವಳು ಬಂದರೆ, "ಏನಮ್ಮಾ, ಕಾಮಸಮುದ್ರದ ಎಮ್ಮೆಗಳು ನೀರೇ ಕರೀತವಾ?" ಎನ್ನುವರು.

"ಈ ಮಾವಂಗೆ ದೇವ್ರೇ ಬಂದು ನಿಂತ್ರೂ ಅನುಮಾನ" ಎಂದು ಅಮ್ಮ ನಗುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಅಮ್ಮನ ಮಾತು ತಡವರಿಸತೊಡಗಿತು. ಬೆಂಗಳೂರಿನಲ್ಲಿ ತಲೆಯ ಎಂಆರ್‌ಐ ಮಾಡಿಸಿದೆವು. ಮಿದುಳಲ್ಲಿ ಗೆಡ್ಡೆ, ಸುತ್ತ ಬಿಳುಪು. "ಬಿಳುಪೆಲ್ಲ ಬರೀ ಊತ, ಗೆಡ್ಡೆ ತೆಗೆದರೆ ಇಳಿಯುತ್ತೆ" ಎಂದರು ಡಾಕ್ಟರು. ನೆಮ್ಮದಿಯಿಂದ ಬಂದು ತಾತನಿಗೆ ಫಿಲ್ಮ್ ತೋರಿಸಿದೆ. ಬಿಸಿಲಿಗೆ ಹಿಡಿದವರು, ನಾನು ಹಾಂ ಹಾಂ ಎನ್ನುವಷ್ಟರಲ್ಲಿ ಎಂಜಲ ಬೆರಳು ಒತ್ತೇಬಿಟ್ಟರು!

"ಇಷ್ಟೂ ಬಿಳುಪು ಒಂದೇ ಅಂತ ಯಾರ್ಲಾ ಏಳಿದ್ದು? ಬಂಡೇಲೂ ಅಷ್ಟೇ, ಗೆರೆ ಮುಗೀತು ಅಂದ್ಕೊಂಡ ಕಡೆನೇ ಚಿನ್ನ ಒಳಕ್ಕೆ ನುಗ್ಗಿರ್ತದೆ. ಕಣ್ಣು ಸುಳ್ಳೇಳ್ತದೆ ಕಣ್ಲಾ. ಅಲ್ಲಲ್ಲಿ ಅಳೀಲಿ, ಲೆಕ್ಕ ಬರ್ಲಿ, ಆಮ್ಯಾಕೆ ನಂಬಾನ."

ನನಗೆ ಮೈಯೆಲ್ಲ ಉರಿಯಿತು. ಕಲ್ಲೂ ತಲೆಯೂ ಒಂದೇನಾ?

ಮುಂದಿನ ವಾರ ಡಾಕ್ಟರು ಫಿಲ್ಮ್ ನೋಡಿ, "ಇದೇನ್ರೀ ಕಲೆ?" ಎಂದು ಗದರಿದರು. ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವರು ನಕ್ಕರು, ಆಮೇಲೆ ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು. "ಅಳೆಯೋಕೆ ಒಂದು ದಾರಿ ಇದೆ, ಇನ್ನೂ ಹೊಸದು. ನೋಡೋಣ" ಎಂದು ಮತ್ತೆ ಸ್ಕ್ಯಾನ್ ಮಾಡಿಸಿ, ಬಿಳುಪಿನ ಒಂದೊಂದು ಜಾಗಕ್ಕೂ ಊತವೋ ಗೆಡ್ಡೆಯೋ ಎಂದು ಸೂಚಿಸುವ ಅಂಕಿ ತೆಗೆಸಿದರು. ಹಿಂಭಾಗ ನಿಜಕ್ಕೂ ಊತವೇ. ಮಾತಿನ ಜಾಗದ ಕಡೆಗಿದ್ದ ಅಂಕಿ ಮಾತ್ರ ಬೇರೆ: ಗೆಡ್ಡೆ ಅಲ್ಲಿಗೂ ಹಬ್ಬಿರಬಹುದು, ಬೆಳೆದರೆ ಮಾತೇ ಹೋದೀತು. ಆಪರೇಷನ್ನಿನಲ್ಲಿ ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿದರು. ಅನುಮಾನ ನಿಜವಾಗಿತ್ತು. ಆಮೇಲೆ ಕರೆಂಟನ್ನು, ಅಂದರೆ ರೇಡಿಯೇಷನ್ನನ್ನು, ಆ ಭಾಗಕ್ಕೂ ಕೊಟ್ಟರು.

ಅಮ್ಮನಿಗೆ ಮಾತು ಮರಳಿತು. ಓಡಿಹೋಗಿ ತಾತನಿಗೆ ಹೇಳಿದರೆ ಆ ಪುಣ್ಯಾತ್ಮ ಅದನ್ನೂ ನಂಬಲಿಲ್ಲ! "ಆರು ತಿಂಗ್ಳು ಓಗ್ಲಿ, ನೋಡಾನ" ಎಂದರು.

ಆ ಆರು ತಿಂಗಳು ಅವರಿಗೇ ದಕ್ಕಲಿಲ್ಲ. ಗಣಿ ಧೂಳು ತಿಂದ ಎದೆ ಒಂದು ಬೆಳಿಗ್ಗೆ ನಿಂತುಹೋಯಿತು. ಅಮ್ಮ ಅವರ ತಲೆದೆಸೆಯಲ್ಲಿ ಕೂತು, ಒಂದಕ್ಷರವೂ ತಡವರಿಸದೆ, ಕೇರಿಗೆಲ್ಲ ಕೇಳುವಂತೆ ಅತ್ತಳು:

"ಈಗ್ಲಾದ್ರೂ ನಂಬಿ ಮಾವ, ನಾನು ಮಾತಾಡ್ತಾ ಇದ್ದೀನಿ!"