ಎಣಿಕೆಗೆ ಸಿಗದ ಎರಡು ರೊಟ್ಟಿ

ಹುನಗುಂದದ ಕೋರ್ಟಿನ ಎದುರು, ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆಯುವುದು ನನ್ನ ಉದ್ಯೋಗವಾಗಿತ್ತು. ಹೆಸರು ಮುರ್ತುಜಸಾಬ. ಒಂದು ಟೈಪ್‌ರೈಟರು, ಒಂದು ಮುರುಕು ಕುರ್ಚಿ, ಛಾಪಾ ಕಾಗದದ ಒಂದು ಕಟ್ಟು, ಇಷ್ಟೇ ನನ್ನ ಆಸ್ತಿ. ಊರವರ ಹೇಳಿಕೆಗಳನ್ನೆಲ್ಲ ಬರೆದು ಬರೆದು ಬೆರಳು ಸವೆದಿವೆ. ಈಗ ಬರೆಯುತ್ತಿರುವುದು ಖಾನಾವಳಿಯ ಶಿವಬಸವ್ವಕ್ಕನ ಕಥೆ. ಇದರಲ್ಲಿ ಆಕಾಶದಿಂದ ಇಳಿದ ಇಬ್ಬರು ಬರುತ್ತಾರೆ. ನಗುವವರು ಈಗಲೇ ನಕ್ಕು ಮುಗಿಸಿ. ನಡುವೆ ನಕ್ಕರೆ ನನಗೆ ಸಿಟ್ಟು ಬರುತ್ತದೆ.

ಶಿವಬಸವ್ವಕ್ಕ ಬಾದಾಮಿ ಕಡೆಯವಳು. ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡ ಕಾಶಪ್ಪ ಚಿನ್ನದಂಥ ಮನುಷ್ಯ, ಆದರೆ ಕೆಲಸ ಎಂದ ಕೂಡಲೇ ಅವನಿಗೆ ನಿದ್ದೆ ಬರುತ್ತಿತ್ತು. ಹೀಗಾಗಿ 1973ರಲ್ಲಿ ಆಕೆಯೇ ಸೆರಗು ಸಿಕ್ಕಿಸಿಕೊಂಡು, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಮನೆಯಲ್ಲಿ ಖಾನಾವಳಿ ತೆಗೆದಳು. ಕೋರ್ಟಿನ ಕಾರಕೂನರು, ತಾರೀಕಿಗೆ ಬಂದ ಹಳ್ಳಿಯವರು, ಜೋಳ ಮಾರಲು ಬಂದವರು ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ರೊಟ್ಟಿ ಬಡಿಯಲು ಆಕೆ ಇಟ್ಟುಕೊಂಡದ್ದು ಇಳಕಲ್ಲಿನ ಕೆಂಪು ಗ್ರಾನೈಟಿನ ಒಂದು ನುಣುಪಾದ ತುಂಡು. ಕೆಳಗೆ ಆ ಕಲ್ಲು, ಮೇಲೆ ಆ ತಗಡು. ಬೆಳಿಗ್ಗೆ ಆಕೆ ಬಡಿಯಲು ಕೂತಳೆಂದರೆ ಪಟಪಟ ಸದ್ದಿಗೆ ಮಲಗಿದ್ದ ಕಂಡಕ್ಟರು ಎದ್ದು ಸೀಟಿ ಊದುತ್ತಿದ್ದ.

ಆಕೆಯದು ಒಂದೇ ದೋಷ. ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ‘ಅಕ್ಕಾರ, ಬದನಿಕಾಯಿ ಪಲ್ಲೆ ಹೆಂಗ ಆಗೇತ್ರಿ?’ ಎಂದು ಗಿರಾಕಿ ಕೇಳಿದರೆ, ‘ಇವತ್ತ ಸುಮಾರ ಆಗೇತ್ರಿ, ಝುಣಕ ತಗೋರಿ’ ಎನ್ನುವಳು. ಒಮ್ಮೆ ಪಕ್ಕದವರ ಬೇಲಿ ಮುರಿದ ಕೇಸಿನಲ್ಲಿ ಕಾಶಪ್ಪನ ಪರವಾಗಿ ಸಾಕ್ಷಿ ಹೇಳಬೇಕಿತ್ತು. ಏನು ಹೇಳಬೇಕೆಂದು ನಾನು ನಾಲ್ಕು ದಿನ ಕೂಡಿಸಿಕೊಂಡು ಕಲಿಸಿದೆ. ಕಟಕಟೆ ಹತ್ತಿದವಳೇ, ‘ಬೇಲಿ ಮುರದಾವ್ರು ನಮ್ಮ ಮನಿಯವರ ರೀ, ನಾನ ನೋಡೇನಿ’ ಎಂದು ಹೇಳಿ ಇಳಿದುಬಂದಳು. ಕಾಶಪ್ಪ ಸಿಟ್ಟಿನಿಂದ ಒಂದು ಹೊತ್ತು ಊಟ ಬಿಟ್ಟ. ಎರಡನೇ ಹೊತ್ತಿಗೆ ಹಸಿವೆ ಗೆದ್ದಿತು.

ಇನ್ನು ಆ ದಿನದ ಮಾತು. 1984ರ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಬಸ್‌ಸ್ಟ್ಯಾಂಡಿನ ಹಿಂದಿನ ಬಯಲಲ್ಲಿ ದುಂಡಗಿನ ಬಿಳಿ ಯಂತ್ರವೊಂದು ಗುಂಯ್ ಎನ್ನುತ್ತ ಇಳಿಯಿತು. ಯಾರೂ ಗಾಬರಿಯಾಗಲಿಲ್ಲ. ಹೊಸ ಹಿಟ್ಟಿನ ಗಿರಣಿ ಬಂತೆಂದು ತಿಳಿದು, ಐದೇ ನಿಮಿಷದಲ್ಲಿ ನಾಲ್ಕು ಮಂದಿ ಜೋಳದ ಚೀಲ ಇಟ್ಟು ಪಾಳಿ ಹಚ್ಚಿದರು.

ನಾನು ತಲೆ ತಗ್ಗಿಸಿ ಟೈಪು ಮಾಡುತ್ತಿದ್ದೆ. ಮುಂದೆ ಎರಡು ನೆರಳು ಬಿದ್ದವು. ತಾರೀಕಿಗೆ ಬಂದ ಪಕ್ಷಗಾರರು ಎಂದುಕೊಂಡು ಹೊಸ ಕಾಗದ ಏರಿಸಿದೆ.

‘ವಯಸ್ಸ ಎಷ್ಟ್ರಿ?’

‘ನಾಕನೂರಾ ಹನ್ನೆರಡ ರೀ.’

‘ಸಾಕಿನ? ಯಾವೂರ್ರಿ?’

‘ನಿಮ್ಮ ಸೂರ್ಯಾನ ಬಿಟ್ಟು ಏಳನೇ ಸೂರ್ಯಾನ ಕಡೆಯವ್ರ ರೀ.’

ಎರಡನ್ನೂ ಟೈಪು ಮಾಡಿಯೇ ನಾನು ತಲೆ ಎತ್ತಿದ್ದು. ಒಬ್ಬ ಕುಳ್ಳ. ಅವನಿಗೆ ಮೊರದಷ್ಟಗಲದ ನಾಲ್ಕು ಕಿವಿ. ಇನ್ನೊಬ್ಬ ಎತ್ತರದವನು, ಅವನಿಗೆ ಆರು ಕಾಲು, ಕಿವಿಯೇ ಇಲ್ಲ, ನೆತ್ತಿಯ ಮೇಲೆ ಕುಕ್ಕರಿನಂಥ ಒಂದು ಮುಚ್ಚಳ. ಕುಳ್ಳ ನನ್ನನ್ನು ನೋಡಿ ನಾಲ್ಕೂ ಕಿವಿ ಅಲ್ಲಾಡಿಸಿದ.

‘ನೀವು ಮುರ್ತುಜಸಾಬರ ಅಲ್ರಿ? ನಿಮ್ಮ ದನಿ ಗುರ್ತ ಐತಿ ನನಗ.’

ಅವನ ಕೆಲಸ ಆಕಾಶದಲ್ಲಿ ಕೂತು ಕೇಳಿಸಿಕೊಳ್ಳುವುದಂತೆ. ಹನ್ನೊಂದು ವರ್ಷದ ಹಿಂದೆ ಅವನಿಗೆ ಶಿವಬಸವ್ವಕ್ಕನ ರೊಟ್ಟಿಯ ಸದ್ದು ಕೇಳಿತು. ಯಾರೋ ತಮ್ಮನ್ನು ಕರೆಯುತ್ತಿದ್ದಾರೆ ಎಂದು ಆಗಿನಿಂದ ಬೇರೆ ಕಡೆ ಕಿವಿಯನ್ನೇ ಕೊಡಲಿಲ್ಲ. ಕೇಳಿ ಕೇಳಿಯೇ ಕನ್ನಡ ಕಲಿತ. ಅವನ ಊರವರು ನಕ್ಕರು. ಕಡೆಗೆ ಈ ಆರು ಕಾಲಿನ ದೊಡ್ಡ ಸಾಹೇಬರು ಪರೀಕ್ಷೆಗೆ ಬಂದಿದ್ದರು.

‘ಕರದಿಲ್ಲ ಅಂತ ಆತಂದ್ರ ನನ್ನ ನಾಲ್ಕೂ ಕಿವಿಗೆ ಬಿರಡಿ ಬಡದು ಬಿಡ್ತಾರ ರೀ. ಆಮ್ಯಾಲ ಏನೂ ಕೇಳಂಗಿಲ್ಲ, ಎಂದೂ’ ಎಂದ. ಆಗ ಅವನ ಕಿವಿಗಳು ಬಾಡಿದ ಎಲೆಯಂತೆ ಜೋತುಬಿದ್ದವು. ನನಗೆ ಪಾಪ ಅನ್ನಿಸಿತು.

ದೊಡ್ಡ ಸಾಹೇಬರು ಕನ್ನಡ ಕಲಿತದ್ದು ದಾರಿಯಲ್ಲಿ, ರೇಡಿಯೋ ವಾರ್ತೆಯಿಂದ. ಮುಚ್ಚಳ ಎತ್ತಿ, ‘ವಾರ್ತೆಗಳು. ಇದೀಗ ವಿಚಾರಣೆ ಆರಂಭವಾಗಲಿದೆ’ ಎಂದರು.

ಇಬ್ಬರನ್ನೂ ಖಾನಾವಳಿಗೆ ಕರೆದುಕೊಂಡು ಹೋದೆ. ಶಿವಬಸವ್ವಕ್ಕ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. ‘ಮದಲ ಕೈಕಾಲ ತೊಳಕೋರಿ’ ಎಂದಳು. ಆರು ಕಾಲು ತೊಳೆಯುವಷ್ಟರಲ್ಲಿ ಒಂದು ಕೊಡ ನೀರು ಖಾಲಿ. ಒಳಗೆ ಹೊರಸಿನ ಮೇಲೆ ಕಾಶಪ್ಪ ಗೊರಕೆ ಹೊಡೆಯುತ್ತಿದ್ದ. ಕುಳ್ಳ ಆ ಗೊರಕೆಗೂ ಕಿವಿ ಬಗ್ಗಿಸಿ ನಮಸ್ಕಾರ ಮಾಡಿದ, ಹನ್ನೊಂದು ವರ್ಷದ ಪರಿಚಯ.

‘ಈಗ ಮುಖ್ಯಾಂಶಗಳು’ ಎಂದರು ಸಾಹೇಬರು. ‘ಮಾನ್ಯ ಮಹಿಳೆಯೇ, ತಾವು ನಮ್ಮನ್ನು ಕರೆದಿರೋ, ಇಲ್ಲವೋ?’

ಆಕೆಯ ಮುಖ ನೋಡಿದೆ. ಹೊಸ್ತಿಲು ದಾಟಿ ಬಂದವರಿಗೆ ‘ನಾ ನಿಮ್ಮನ್ನ ಕರದಿಲ್ಲ’ ಎನ್ನುವುದು ನಮ್ಮ ಕಡೆ ಬೈಗುಳಕ್ಕಿಂತ ಕಡೆ. ‘ಕರದೇನಿ’ ಎಂದರೆ ಸುಳ್ಳು. ಬಡಪಾಯಿ ಹೆಂಗಸು ಎರಡರ ನಡುವೆ ಸಿಕ್ಕಿಬಿದ್ದಳು.

ನಾನು ಹತ್ತಿರ ಸರಿದು ಪಿಸುಗುಟ್ಟಿದೆ. ‘ಅಕ್ಕಾರ, ಹೂಂ ಅಂದಬಿಡ್ರಿ. ಒಂದ ಮಾತು. ಪಾಪ, ಅಂವನ ಕಿವಿ ಉಳೀತಾವು.’

‘ಸಾಬರ, ಬೇಲಿ ಕೇಸಿನ್ಯಾಗೂ ಹಿಂಗ ಅಂದಿದ್ರಿ’ ಎಂದಳು. ನನಗೆ ಸಿಟ್ಟೇ ಬಂತು. ಇಷ್ಟು ಹಟ ಯಾವ ಹೆಣ್ಣಿಗೂ ಇರಬಾರದು ಎಂದು ಆ ಕ್ಷಣ ಅಂದುಕೊಂಡೆ.

ಶಿವಬಸವ್ವಕ್ಕ ಕುಳ್ಳನ ಕಡೆ ತಿರುಗಿದಳು. ‘ತಮ್ಮಾ, ನನಗ ನೀವು ಇದ್ದದ್ದ ಗೊತ್ತಿರಲಿಲ್ಲ. ನಾ ಗಿರಾಕಿಗಳಿಗೆ ರೊಟ್ಟಿ ಬಡೀತಿದ್ದೆ.’

ಸಾಹೇಬರ ಮುಚ್ಚಳ ಟಪ್ ಎಂದು ಮುಚ್ಚಿತು. ಆರು ಕಾಲುಗಳಲ್ಲಿ ಒಂದು ಚೀಲಕ್ಕೆ ಹೋಗಿ ನಾಲ್ಕು ಬಿರಡಿ ತೆಗೆಯಿತು. ಕುಳ್ಳ ನಾಲ್ಕೂ ಕಿವಿ ಮಡಚಿಕೊಂಡು ಕೇಳಿದ.

‘ಖರೆ ರೀ ಅಕ್ಕಾರ. ಆದ್ರ ಕಡೀಗೆ ಬಡೀತೀರಲ್ರಿ, ಅವು? ದಿನಾ ಮದಲ ಸಾಲಿಗೆ ಸಾಲ ಬಡೀತೀರಿ. ಆಮ್ಯಾಲ ಒಂದ ಉಸರ ನಿಲ್ತೀರಿ. ಆಮ್ಯಾಲ ಎರಡ ಬ್ಯಾರೆ, ಸಾವಕಾಶ. ಆ ಎರಡು ಯಾರಿಗ್ರಿ?’

ಶಿವಬಸವ್ವಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

‘ಅವು ಎಣಿಕಿಯೊಳಗ ಇಲ್ಲೋ ತಮ್ಮಾ. ಯಾರರೇ ಹಸದವ್ರು ಬಂದ್ರ ಇರ್ಲಿ ಅಂತ ನಮ್ಮವ್ವ ಬಡೀತಿದ್ಲು, ನಾನೂ ಬಡೀತೇನಿ. ಯಾರ ಬರ್ತಾರ ಅಂತ ಗೊತ್ತಿರೂದಿಲ್ಲ. ಬಂದವ್ರಿಗೆ ಅವು.’ ಸಾಹೇಬರ ಕಡೆ ತಿರುಗಿದಳು. ‘ನೀವು ಬಂದೀರಿ. ಅಂದ್ರ ಆ ಎರಡು ನಿಮ್ಮನ್ನ ಕರದದ್ದ. ಇದು ಸುಳ್ಳಲ್ರಿ.’

‘ಪುರಾವೆ?’ ಎಂದರು ಸಾಹೇಬರು. ‘ಕರೆಯದೆ ಬಂದು ಆ ಎರಡನ್ನು ತಿಂದವರು ಯಾರಾದರೂ ಇದ್ದಾರೆಯೇ?’

ಕುಳ್ಳ ಕಣ್ಣು ಮುಚ್ಚಿ ಹೇಳತೊಡಗಿದ. ‘ಅದಾರ ರೀ. ಖಾನಾವಳಿ ತಗದ ನಾಕನೇ ದಿನ. ಒಬ್ರು ಹೊರಗಿನ ಕಟ್ಟಿ ಮ್ಯಾಲ ಕುಂತಿದ್ರು. ಇಳಕಲ್ ಬಸ್ಸಿಗೆ ಕಾಯಾಕತ್ತೇನಿ ಅಂತ ಹೇಳಿ ಮೂರ ಬಸ್ ಬಿಟ್ರು. ಹೊಟ್ಟಿ ಗುಡುಗುಡು ಅಂದದ್ದು ನಮ್ಮೂರತನ ಕೇಳಿತ್ರಿ. ಅಕ್ಕಾರು ಹೊರಗ ತಂದು ಎರಡೂ ರೊಟ್ಟಿ ಕೊಟ್ರು. ಅಗಿಯೋ ಸದ್ದ ನನಗ ಇನ್ನೂ ನೆನಪೈತಿ.’ ಕಣ್ಣು ತೆರೆದು ನನ್ನ ಕಡೆ ನೋಡಿದ. ಹೆಸರು ಹೇಳಲಿಲ್ಲ.

ನನ್ನ ಕಿವಿ ಬಿಸಿಯಾದವು. ಇಳಕಲ್ಲಿನಿಂದ ಹುನಗುಂದಕ್ಕೆ ಬಂದು ಮರದ ಕೆಳಗೆ ಕೂತ ಮೊದಲ ದಿನ ಅದು. ಒಂದು ಅರ್ಜಿಯೂ ಸಿಕ್ಕಿರಲಿಲ್ಲ. ಹನ್ನೊಂದು ವರ್ಷ ಅದನ್ನು ಹೆಂಡತಿ ರಂಜಾನಬಿಗೂ ಹೇಳಿರಲಿಲ್ಲ. ಶಿವಬಸವ್ವಕ್ಕನೂ ಒಂದು ದಿನವೂ ಯಾರ ಮುಂದೆಯೂ ಎತ್ತಿ ಆಡಿರಲಿಲ್ಲ. ಈಗಲೂ ಆಕೆ ಬೇಕೆಂದೇ ಒಲೆಯ ಕಡೆ ಮುಖ ಮಾಡಿ, ಇಲ್ಲದ ಹೊಗೆ ಊದುತ್ತಿದ್ದಳು.

‘ಅಂವ ನಾನ ರೀ’ ಎಂದೆ.

ಓಡಿಹೋಗಿ ಟೈಪ್‌ರೈಟರು ಹೊತ್ತು ತಂದೆ. ಅಲ್ಲಿಯವರೆಗೆ ಸಾವಿರ ಮಂದಿಯ ಹೇಳಿಕೆ ಬರೆದಿದ್ದವನು ಮೊದಲ ಸಲ ನನ್ನ ಹೇಳಿಕೆ ಬರೆದೆ, ಒಂದು ಅಕ್ಷರ ಕೂಡಿಸದೆ, ಒಂದು ಅಕ್ಷರ ಬಿಡದೆ. ‘ನಾನು ಹಸಿದಿದ್ದೆ. ಯಾರೂ ಕರೆದಿರಲಿಲ್ಲ. ರೊಟ್ಟಿ ಎರಡು ಇದ್ದವು.’ ಕೆಳಗೆ ಸಹಿ ಹಾಕಿದೆ. ಕುಳ್ಳನಿಗೆ ಹೆಬ್ಬೆರಳೇ ಇಲ್ಲದ್ದಕ್ಕೆ ಒಂದು ಕಿವಿಗೆ ಶಾಯಿ ಹಚ್ಚಿ ಗುರುತು ಒತ್ತಿಸಿದೆ. ಅರ್ಧ ಕಾಗದ ನೀಲಿಯಾಯಿತು.

ಸಾಹೇಬರು ಅದನ್ನು ಮೂರು ಸಲ ಓದಿದರು. ಅಷ್ಟರಲ್ಲಿ ಶಿವಬಸವ್ವಕ್ಕ ಇಬ್ಬರ ಮುಂದೆಯೂ ತಟ್ಟೆ ಇಟ್ಟಳು. ಅದೇ ಎರಡು ರೊಟ್ಟಿ, ಒಬ್ಬೊಬ್ಬರಿಗೆ ಒಂದೊಂದು, ಮೇಲೆ ಕೆಂಪು ಖಾರ, ಗುರೆಳ್ಳು ಪುಡಿ, ಮೊಸರು. ‘ಪಲ್ಲೆ ಇವತ್ತ ಸುಮಾರ ಆಗೇತ್ರಿ’ ಎಂದು ಹೇಳಿಯೇ ಬಡಿಸಿದಳು.

ಸಾಹೇಬರು ಖಾರವನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡರು. ಮುಚ್ಚಳ ಸೀಟಿ ಹೊಡೆಯಿತು, ಒಂದಲ್ಲ, ಮೂರು ಸಲ. ಹೊರಗೆ ಕಂಡಕ್ಟರು ರೈಟ್ ರೈಟ್ ಎಂದು ಕೂಗಿದ, ಬಾಗಲಕೋಟೆ ಬಸ್ಸು ಅರ್ಧ ಮಂದಿಯನ್ನು ಬಿಟ್ಟು ಹೊರಟೇಬಿಟ್ಟಿತು. ಉಗಿಯೆಲ್ಲ ಹೋದ ಮೇಲೆ ಸಾಹೇಬರು ರೊಟ್ಟಿ ಮುಗಿಸಿ, ತಟ್ಟೆ ನೆಕ್ಕಿ, ನಾಲ್ಕೂ ಬಿರಡಿಗಳನ್ನು ಒಲೆಗೆ ಹಾಕಿದರು.

‘ಕರೆ ಸತ್ಯ. ಇಲ್ಲಿಗೆ ವಾರ್ತಾಪ್ರಸಾರ ಮುಕ್ತಾಯವಾಯಿತು.’

ಕುಳ್ಳ ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ, ಅವನಿಗೆ ಕಣ್ಣೀರು ಕಿವಿಯಿಂದ ಬರುತ್ತಿತ್ತು. ಹೊರಡುವಾಗ ಯಂತ್ರದ ಮುಂದಿನ ಪಾಳಿಯವರು, ‘ಬೀಸದನ ಹೊಂಟೀರೇನ್ರಿ?’ ಎಂದು ಜಗಳ ತೆಗೆದರು. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು.

ಸದ್ದಿಗೆ ಕಾಶಪ್ಪ ಎಚ್ಚರಾದ. ‘ಯಾರ ಬಂದಿದ್ರು?’

‘ಆಕಾಶದವ್ರು’ ಎಂದಳು ಶಿವಬಸವ್ವಕ್ಕ.

‘ಉಂಡು ಹೋದ್ರ?’

‘ಹೂಂ.’

‘ಬೇಸಾತು’ ಎಂದು ಮಗ್ಗಲು ಬದಲಿಸಿದ.

ಮರುದಿನ ಬೆಳಿಗ್ಗೆ ನಾನು ಮರದ ಕೆಳಗೆ ಕೂತು ರೊಟ್ಟಿಯ ಸದ್ದು ಎಣಿಸಿದೆ. ಸಾಲು ಮುಗಿಯಿತು. ಸದ್ದು ಒಂದು ಉಸಿರಿನಷ್ಟು ನಿಂತಿತು. ಆಮೇಲೆ ಎರಡಲ್ಲ, ಮೂರು ಕೇಳಿದವು. ಮಧ್ಯಾಹ್ನ ಊಟಕ್ಕೆ ಹೋದಾಗ ಕೇಳಿದೆ.

‘ಮೂರ ಯಾಕ ಅಕ್ಕಾರ?’

‘ದೊಡ್ಡ ಸಾಹೇಬ್ರಿಗೆ ನಿನ್ನಿ ಒಂದಕ್ಕ ಹೊಟ್ಟಿ ತುಂಬಲಿಲ್ರಿ ಸಾಬರ’ ಎಂದು ನನ್ನ ತಟ್ಟೆಗೆ ಬಿಸಿ ರೊಟ್ಟಿ ಹಾಕಿದಳು.