ಪೂಜೆ ಮಾಡಿಸಿಕೊಂಡ ಗಿಟಾರು

ರಿಟೈರಾದ ಮೇಲೆ ಗಿಟಾರು ಕಲಿತ ನಾನು ಮೊದಲ ಸಲ ವೇದಿಕೆ ಹತ್ತಿದಾಗ ಏನಾಯಿತು, ಊಹಿಸಿ ನೋಡೋಣ. ತಂತಿ ಹರಿಯಿತೇ? ಕರೆಂಟ್ ಹೋಯಿತೇ? ಊಹೂಂ, ಎರಡೂ ಅಲ್ಲ.

ರಾಯದುರ್ಗದ ಒಂದು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ನನ್ನ ಕಾರ್ಯಕ್ರಮ. ನನ್ನದೇನು ಸಾಮಾನ್ಯ ಗಿಟಾರೇ? ಗುಂಡಿ ತಿರುಗಿಸಿದರೆ ಸಿತಾರ್, ಇನ್ನೊಮ್ಮೆ ತಿರುಗಿಸಿದರೆ ಬ್ಯಾಂಜೋ! ಕಾಲ ಬಳಿಯ ಪೆಡಲು ಒತ್ತಿದರೆ ಅದೇ ಸ್ವರ ಗುಹೆಯೊಳಗಿಂದ ಬಂದಂತೆ ಮೊಳಗುತ್ತದೆ. ಬೆಳಗಿನಿಂದ ವೈರು ಜೋಡಿಸಿ, ಒಂದೊಂದು ಪೆಡಲಿಗೂ ಒಂದೊಂದು ನಾದ ಕೂಡಿಸಿಟ್ಟು, ಕೈ ತೊಳೆಯಲು ಹೋದೆ. ಬರುವಷ್ಟರಲ್ಲಿ ಕಾರ್ಖಾನೆಯ ಸಾವ್ಕಾರರು ಹೊಲಿಗೆ ಮಿಷನ್ನುಗಳ ಜೊತೆ ನನ್ನ ಗಿಟಾರಿಗೂ ಪೆಡಲುಗಳಿಗೂ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಮಂಗಳಾರತಿ ಎತ್ತಿಬಿಟ್ಟಿದ್ದರು.

ನಾನು ಪೆಡಲಿನತ್ತ ಕಾಲೆತ್ತಿದೆ. ಸಾವ್ಕಾರರು ಓಡಿಬಂದರು.

"ಅಯ್ಯಯ್ಯೋ, ಬ್ಯಾಡ್ರಿ ಸಾರ್! ಪೂಜಿ ಆದದ್ದನ್ನ ಇವತ್ತು ಮುಟ್ಟಂಗಿಲ್ರಿ. ಅದ್ರಾಗ ಕಾಲಿಲೆ ತುಳೀತೀರೇನ್ರಿ?"

"ಮತ್ತೆ ನಾನು ಬಾರಿಸೋದು ಯಾವಾಗ?"

"ನಾಳೆ ಬಾರಿಸ್ರಿ, ಯಾರು ಬ್ಯಾಡಂತಾರ? ಆದ್ರ ನಾಳೆ ಕೇಳಾಕ ಯಾರೂ ಇರಂಗಿಲ್ರಿ, ಎಲ್ಲಾರೂ ಊರಿಗೆ ಹೋಗ್ತಾರ."

ಹೊಲಿಗೆಯವರು ಸಾಲಾಗಿ ಬಂದು ಗಿಟಾರಿಗೆ ಕೈಮುಗಿದರು, ಮಂಡಕ್ಕಿ ತಿಂದರು, "ಪ್ರೋಗ್ರಾಂ ಬಾಳ ಚಲೋ ಆತ್ರಿ" ಅಂದರು. ಒಂದೇ ಒಂದು ಅಪಸ್ವರವಿಲ್ಲದೆ ನಾನು ನಡೆಸಿಕೊಟ್ಟ ಕಚೇರಿ ಅದೊಂದೇ. ನಡೆದದ್ದು ಆಯುಧಪೂಜೆಯ ದಿನ.